ಬಳ್ಳಾರಿಯಲ್ಲಿ ಕುಡಿತ ಬಿಟ್ಟವರ ಮೀಟಿಂಗ್ ಯಾವ ಭಾಷೆಯಲ್ಲಿ ನಡೆಯುತ್ತದೆ?

ಅಕ್ಕಾ, ನಿಮ್ಮ ತಮ್ಮ ಮೈಸೂರಿನಲ್ಲಿ ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗಿಗೆ ಹೋಗುತ್ತಾ ನಾಲ್ಕು ತಿಂಗಳಿಂದ ಕುಡಿದಿಲ್ಲ ಅಂದಿರಿ. ಕೇಳಿ ಸಂತೋಷವಾಯಿತು. ಈಗ ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಕೆಲಸ ಸಿಕ್ಕಿದೆ, ಆ ಕಡೆ ಬರೀ ತೆಲುಗಂತೆ, ಕನ್ನಡದ ಮೀಟಿಂಗ್ ಇರುತ್ತದಾ ಅನ್ನುವುದು ನಿಮ್ಮ ಚಿಂತೆ. ಅದನ್ನು ಬಿಟ್ಟುಬಿಡಿ.

ನಾನು ಬಳ್ಳಾರಿಯವನು, ಜೀನ್ಸ್ ಹೊಲಿಯುತ್ತೇನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಮಷೀನಿನ ಮುಂದೆ ಕೂತರೆ ಉರ್ದು. ಕುಡಿತ ಬಿಟ್ಟು ಒಂಬತ್ತು ವರ್ಷವಾಯಿತು. ನಮ್ಮ ಮೀಟಿಂಗಿನಲ್ಲಿ ಕನ್ನಡದಲ್ಲಿ ಮಾತು ಶುರು ಮಾಡಿದವರು ಗಂಟಲು ಕಟ್ಟಿದ ಕಡೆ ತೆಲುಗಿಗೆ ಹೊರಳುತ್ತಾರೆ. ಯಾರೂ ‘ಕನ್ನಡದಲ್ಲಿ ಹೇಳ್ರಿ’ ಅನ್ನುವುದಿಲ್ಲ. ಶನಿವಾರ ಬಟವಾಡೆ ತಗೊಂಡು ಬರಿಗೈಲಿ ಮನೆಗೆ ಹೋದದ್ದನ್ನು ನಾನು ಮೊದಲ ಸಲ ಹೇಳಿದಾಗ, ಕನ್ನಡ ಅಷ್ಟಾಗಿ ಬರದ ಹಿರಿಯರೊಬ್ಬರು ಸುಮ್ನೆ ತಲೆ ತಗ್ಗಿಸಿ ಕೂತಿದ್ದರು. ಅವರಿಗೆ ಪೂರ್ತಿ ಅರ್ಥವಾಗಿತ್ತು.

ನಮ್ಮ ಕಡೆ ನಿಜವಾದ ತೊಂದರೆ ಮುಖಪರಿಚಯದ್ದು. ಕುಡಿದು ನಡುಬೀದಿಯಲ್ಲಿ ಬಿದ್ದಾಗ ಆಗದ ನಾಚಿಕೆ ಮೀಟಿಂಗ್ ಬಾಗಿಲಲ್ಲಿ ಆಗುತ್ತದೆ. ನಾನು ಮೂರು ವಾರ ಗೇಟಿನ ತನಕ ಹೋಗಿ ವಾಪಸ್ ಬಂದೆ. ಕೊನೆಗೆ ರೈಲು ಹತ್ತಿ ಆಂಧ್ರದ ಕಡೆ ಒಂದು ಊರಿನ ಮೀಟಿಂಗಿಗೆ ಹೋದೆ, ಅಲ್ಲಿ ನನ್ನನ್ನು ಬಲ್ಲವರಿಲ್ಲ ಅಂತ. ಅಲ್ಲಿಯವರು ಕೆಲವರು ಇದೇ ಕಾರಣಕ್ಕೆ ಬಳ್ಳಾರಿಗೆ ಬರುತ್ತಾರೆ. ಗಡಿ ನಮಗೆ ಹೀಗೂ ಒದಗುತ್ತದೆ ನೋಡಿ.

ಅವತ್ತು ಶಾಲೆಯ ಕೋಣೆ, ಚಿಕ್ಕ ಮಕ್ಕಳ ಬೆಂಚು, ಮೊಣಕಾಲು ಹಲಗೆಗೆ ತಾಗುತ್ತಿತ್ತು. ಕೈ ನಡುಗುತ್ತಿತ್ತು. ಚಹಾ ಕೊಡುತ್ತಿದ್ದವರು ಎಲ್ಲರ ಕಪ್ಪನ್ನೂ ತುಂಬಿಸಿದರು. ನನ್ನದಕ್ಕೆ ಮಾತ್ರ ಅರ್ಧ ಹಾಕಿದರು, ಚೆಲ್ಲಬಾರದು ಅಂತ. ಕುಡಿದಾದ ಮೇಲೆ ಇನ್ನರ್ಧ ಹಾಕಿದರು. ಒಂದು ಮಾತೂ ಆಡಲಿಲ್ಲ. ನಾನು ಮುಂದಿನ ವಾರ ಹೋಗಿದ್ದು ಆ ಅರ್ಧ ಕಪ್ಪಿಗಾಗಿ.

ಎಎ ಅಂದರೆ ಆಸ್ಪತ್ರೆಯಲ್ಲ, ಅಲ್ಲಿ ಔಷಧಿ ಕೊಡುವುದಿಲ್ಲ. ಫೀಸಿಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಅನ್ನುವ ಊರಿನಲ್ಲಿ ಕುಡಿತಕ್ಕೆ ಸಿಕ್ಕಿದ್ದ ಒಬ್ಬ ಷೇರು ವ್ಯವಹಾರದವನೂ ಒಬ್ಬ ಡಾಕ್ಟರೂ ಕೂತು ಮಾತಾಡಿದ್ದರಿಂದ ಶುರುವಾದದ್ದು. ಸೇರುವುದಕ್ಕೆ ಇರುವುದು ಒಂದೇ ಷರತ್ತು: ಕುಡಿತ ಬಿಡಬೇಕು ಅನ್ನುವ ಆಸೆ. ರಾಯಚೂರು ಕಡೆಯವರು ಕೆಲವರು ‘ನಾನು ಕುಡಿಯೋದು ಬರೀ ಸೇಂದಿ, ಬರಬಹುದಾ’ ಅಂತ ಕೇಳುತ್ತಾರೆ. ಖಂಡಿತ ಬರಬಹುದು. ಸಿಎಚ್ ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್ ಬೆರೆಸಿದ ಸೇಂದಿ ನೈಂಟಿ ಪಾಕೀಟಿಗಿಂತ ಕಮ್ಮಿಯೇನಲ್ಲ. ಅದನ್ನು ದಿನಾ ಕುಡಿದವರು ಮೊದಲು ಡಾಕ್ಟರ ಹತ್ತಿರ ಹೋಗಲೇಬೇಕು.

ಇದನ್ನು ನಿಮ್ಮ ತಮ್ಮನಿಗೂ ಹೇಳಿರಿ. ಆಗಬಾರದು, ಆದರೂ ಮತ್ತೆ ಜಾರಿ ದಿನಾ ಕುಡಿಯುವಂತಾದರೆ, ಹಟ ಹಿಡಿದು ಕೋಣೆಯಲ್ಲಿ ಒಬ್ಬರೇ ನಿಲ್ಲಿಸಲು ಹೋಗಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ನನಗೆ ಮೂರನೇ ದಿನ ಗೋಡೆ ತುಂಬಾ ಇರುವೆ ಹರಿದಂತೆ ಕಂಡವು. ಅವ್ವ ಗಾಳಿ ಹಿಡಿದಿದೆ ಅಂತ ತಾಯಿತ ಕಟ್ಟಿಸಿದಳು. ಮಾಮ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು, ಅದಕ್ಕೇ ಉಳಿದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಹೋಗಿ ಮನೋರೋಗ ವಿಭಾಗ ಎಲ್ಲಿ ಅಂತ ಕೇಳಬೇಕು, ನಾಚಿಕೆ ಬೇಡ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಆಸ್ಪತ್ರೆಗಳ ತನಕ ತಂದು ನೋಡಿದ್ದೇ ನಮ್ಮ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ನನಗೆ ಇದರ ಬಗ್ಗೆ ತುಂಬಾ ಹೆಮ್ಮೆ.

ಮೀಟಿಂಗ್ ಹುಡುಕುವುದಕ್ಕೆ ಸುಲಭದ ದಾರಿ ಅಂದರೆ ಮೈಸೂರಿನ ಗುಂಪಿನವರನ್ನೇ ಕೇಳುವುದು. ಅವರು ಇಲ್ಲಿಯವರ ನಂಬರ್ ಹುಡುಕಿ ಕೊಡುತ್ತಾರೆ. ಜಾಗ, ಹೊತ್ತು ಆಗಾಗ ಬದಲಾಗುತ್ತವೆ, ಹಾಗಾಗಿ ಫೋನ್ ಮಾಡದೆ ಹೊರಡಬಾರದು. ರಾತ್ರಿ ಹೊತ್ತು ತಡೆಯದೆ ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೇ ಬೇರೆ ನಂಬರ್ 14446. ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟವರೂ ನಮ್ಮ ಕಡೆ ಇದ್ದಾರೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಯಲ್ಲಿ ಸೇರುತ್ತಾರೆ. ಎಎ ಒಗ್ಗದಿದ್ದರೆ ಅದು ಒಗ್ಗಬಹುದು. ಎರಡಕ್ಕೂ ಹೋಗುವವರನ್ನು ನೋಡಿದ್ದೇನೆ.

ಅಂದಹಾಗೆ ನೀವು? ಕುಡಿಯುವವರ ಮನೆಯವರಿಗೇ ಅಂತ ಅಲ್-ಅನಾನ್ ಅನ್ನುವ ಗುಂಪುಗಳಿವೆ. ತಮ್ಮ ದೂರ ಹೋದ ಮೇಲೆ ಫೋನ್ ಎತ್ತಲಿಲ್ಲ ಅಂದರೆ ಸಾಕು, ನಿಮಗೆ ನಿದ್ದೆ ಬರುವುದಿಲ್ಲ, ಅಲ್ವಾ? ನನ್ನ ಅಕ್ಕನಿಗೂ ಹಾಗೇ ಇತ್ತು. ನಿಮ್ಮೂರಿನಲ್ಲಿ ಒಮ್ಮೆ ವಿಚಾರಿಸಿ ನೋಡಿ.

ನಿಮ್ಮ ತಮ್ಮ ಇಲ್ಲಿಗೆ ಬಂದ ಮೊದಲ ವಾರವೇ ಮೀಟಿಂಗಿಗೆ ಬರಲಿ, ಮೊದಲ ಸಂಬಳ ಕೈಗೆ ಬರುವ ಮುಂಚೆ. ತೋರಣಗಲ್ಲಿನಿಂದ ಬಳ್ಳಾರಿಗೆ ಬಸ್ಸೂ ಇದೆ, ರೈಲೂ ಇದೆ. ಶಿಫ್ಟ್ ಯಾವುದು ಅಂತ ಮೊದಲೇ ಹೇಳಿದರೆ ನಮ್ಮವರು ಒಬ್ಬರು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತಾರೆ.