‘ರಿಲೀಸ್’ಗೆ ಒಂದೇ ಕನ್ನಡ ಪದ ಸಾಕಾಗದು

ನಮಸ್ಕಾರ. ವಿಜಯಪುರದ ಮನೆಯಲ್ಲಿನ ತಮ್ಮ ಪಾಲನ್ನು ನಿಮ್ಮ ತಂಗಿ ನಿಮಗೆ ಬಿಟ್ಟುಕೊಟ್ಟ ಪತ್ರದಲ್ಲಿ ‘ರಿಲೀಸ್’ ಎಂದಿದೆ, ಅದನ್ನು ‘ಬಿಡುಗಡೆ’ ಎಂದರೆ ಸಾಕೇ ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ. ‘ಹಕ್ಕು ಬಿಡುಗಡೆ ಪತ್ರ’ ಎಂದು ಪೂರ್ತಿ ಬರೆಯಿರಿ. ಬಾಗಲಕೋಟೆಯಲ್ಲಿ ಇಂಥದೇ ಪತ್ರಕ್ಕೆ ನಮ್ಮ ಅತ್ತೆ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ಕುಳಿತಿದ್ದರು. ಬರಹಗಾರ ‘ಬಿಡುಗಡೆ’ ಎಂದು ಗಟ್ಟಿಯಾಗಿ ಓದಿದೊಡನೆ, “ಹಿಂಡಲಗಾ ಜೈಲಿನಲ್ಲಿ ನಮ್ಮವರು ಯಾರಿದ್ದಾರಪ್ಪಾ?” ಎಂದು ಕೇಳಿಬಿಟ್ಟರು!

ಅವರ ಅನುಮಾನ ತಪ್ಪಲ್ಲ. ಕೈದಿಗೆ ಬಿಡುಗಡೆ ಎಂದರೆ ಬಂಧನ ಕಳಚುವುದು. ಆಸ್ತಿಯಲ್ಲಿ ಅದು ತನ್ನ ಹಕ್ಕನ್ನು ತಾನೇ ತೊರೆಯುವುದು. ಆಲಮಟ್ಟಿಯ ಇಪ್ಪತ್ತಾರು ಗೇಟುಗಳ ವಿಷಯ ಬಂದಾಗ ಮಾತ್ರ ‘ನೀರು ಬಿಡುಗಡೆ’ ಎಂದರೆ ಯಾರಿಗೂ ಗೊಂದಲವಿಲ್ಲ, ನದಿ ದಂಡೆಯ ಊರಿನವರು ಪಂಪ್‌ಸೆಟ್ ಎತ್ತಿಡಲು ಓಡುತ್ತಾರೆ. ಸಿನಿಮಾ ತೆರೆಕಾಣುತ್ತದೆ, ಪುಸ್ತಕ ಲೋಕಾರ್ಪಣೆಯಾಗುತ್ತದೆ (ಈ ಪದ ನನಗೆ ಸ್ವಲ್ಪ ಭಾರ ಎನಿಸುತ್ತದೆ), ವರ್ಗವಾದ ನೌಕರ ಕಾರ್ಯಮುಕ್ತನಾಗುತ್ತಾನೆ. ಪತ್ರಿಕೆಗಳಿಗೆ ಕಳಿಸುವುದು ‘ಪ್ರಕಟಣೆ’.

ಇಂಗ್ಲಿಷಿನ ಈ ಪದ ಹಳೆಯ ಫ್ರೆಂಚ್ ಮೂಲಕ ಲ್ಯಾಟಿನ್ನಿನ ‘ರೆಲಕ್ಸಾರೆ’ಯಿಂದ ಬಂದದ್ದು, ಅಂದರೆ ಸಡಿಲಿಸು. ‘ರಿಲ್ಯಾಕ್ಸ್’ ಅದರ ಒಡಹುಟ್ಟು.

ಇನ್ನೊಂದು ಮಾತು: ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ 1908ರ ನೋಂದಣಿ ಕಾಯ್ದೆಯಂತೆ ನೋಂದಣಿಯಾಗಲೇಬೇಕು. ಉಪನೋಂದಣಾಧಿಕಾರಿ ಕಚೇರಿಯ ಮೊಹರು ಇದೆಯೇ ಎಂದು ಮೊದಲು ನೋಡಿ, ಅನುವಾದ ಆಮೇಲೆ.