ಬೆಳ್ಳುಳ್ಳಿಗೆ ಯೂರಿಯಾ ಎಲ್ಲಿಯವರೆಗೆ?

ಪ್ರಶ್ನೆ: ಅಕ್ಟೋಬರ್ ಕೊನೆಗೆ ಹಿತ್ತಲ ಮಡಿಯಲ್ಲಿ ಬೆಳ್ಳುಳ್ಳಿ ಹಾಕಿ, ಹದಿನೈದು ದಿನಕ್ಕೊಮ್ಮೆ ಯೂರಿಯಾ ಕೊಟ್ಟೆ. ಎಲೆ ಸೊಂಪಾಗಿತ್ತು. ಕಿತ್ತರೆ ಗಡ್ಡೆ ಸಣ್ಣದು, ಕುತ್ತಿಗೆ ದಪ್ಪ, ಕೆಲವು ಎಸಳು ಆಗಲೇ ಮೊಳೆತಿವೆ. (ಗದಗ)

ಉತ್ತರ: ಯೂರಿಯಾದ ಸಾರಜನಕ ಕೊನೆಯವರೆಗೂ ಸಿಕ್ಕಿದ್ದೇ ಕಾರಣ. ಗಡ್ಡೆ ಕಟ್ಟುವಾಗ ಗಿಡ ಹೊಸ ಎಲೆ ಬಿಡುವುದನ್ನು ನಿಲ್ಲಿಸಿ ಎಸಳಿಗೆ ಆಹಾರ ಇಳಿಸಬೇಕು. ಆಗಲೂ ಯೂರಿಯಾ ಬೀಳುತ್ತಿದ್ದರೆ ಎಸಳೇ ಚಿಗುರುತ್ತದೆ. ಅಂಥ ಗಡ್ಡೆ ಹೆಚ್ಚು ದಿನ ಇಟ್ಟರೆ ಕೆಡುತ್ತದೆ, ಮೊದಲು ಅಡುಗೆಗೆ ಬಳಸಿಬಿಡಿ.

ಮುಂದಿನ ಸಲ ಒಂದು ಚದರ ಮೀಟರ್ ಮಡಿಗೆ, ನಾಟಿಗೆ ಎರಡು ವಾರ ಮೊದಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 2.5 ಕಿಲೋ ಬೆರೆಸಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಬರುತ್ತದೆ. ನಾಟಿಯ ದಿನ ಸಿಂಗಲ್ ಸೂಪರ್ ಫಾಸ್ಫೇಟ್ 30 ಗ್ರಾಂ, ಮ್ಯುರಿಯೇಟ್ ಆಫ್ ಪೊಟ್ಯಾಷ್ 8 ಗ್ರಾಂ, ಯೂರಿಯಾ 10 ಗ್ರಾಂ. ತಿಂಗಳಾದ ಮೇಲೆ ಇನ್ನೊಂದು 10 ಗ್ರಾಂ ಯೂರಿಯಾವನ್ನು ಸಾಲಿನ ನಡುವೆ ಉದುರಿಸಿ ನೀರು ಹಾಯಿಸಿ. ಅಲ್ಲಿಗೆ ಮುಗಿಯಿತು. ಗಿಡ ಸೊರಗಿದಂತೆ ಕಂಡರೂ 60 ದಿನ ದಾಟಿದ ಮೇಲೆ ಯೂರಿಯಾ ಮುಟ್ಟಬೇಡಿ.

ಸೂಪರ್ ಫಾಸ್ಫೇಟ್‌ನಲ್ಲಿ ಸುಮಾರು ಶೇ 11ರಷ್ಟು ಗಂಧಕವೂ ಇದೆ. ಬೆಳ್ಳುಳ್ಳಿಯ ಘಾಟಿಗೆ ಗಂಧಕ ಬೇಕು. ಸೂಪರ್ ಫಾಸ್ಫೇಟ್ ಬದಲು ಮನೆಯಲ್ಲಿ ಡಿಎಪಿಯೇ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಇದ್ದರೆ 11 ಗ್ರಾಂ ಸಾಕು. ಜೊತೆಗೆ ಗಂಧಕಕ್ಕಾಗಿ 20 ಗ್ರಾಂ ಜಿಪ್ಸಂ ಹಾಕಿ, ನಾಟಿಯ ಯೂರಿಯಾವನ್ನು 6 ಗ್ರಾಂಗೆ ಇಳಿಸಿ.

ಪ್ರಶ್ನೆ: ತಾರಸಿಯ ಕುಂಡಗಳಿಗೆ ರಾಸಾಯನಿಕ ಬೇಡ. ಬೂದಿ ಹಾಕಬಹುದೇ? (ಬೆಂಗಳೂರು)

ಉತ್ತರ: ಸೌದೆ ಒಲೆಯ ಬೂದಿಯಾದರೆ 12 ಇಂಚಿನ ಕುಂಡಕ್ಕೆ ಒಂದೇ ಚಮಚ. ಅದರಲ್ಲಿ ಪೊಟ್ಯಾಷ್ ಇದೆ ನಿಜ, ಆದರೆ ಹೆಚ್ಚಾದರೆ ಮಣ್ಣು ಕ್ಷಾರವಾಗುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಮರಳು, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ, ನಾಲ್ಕು ಇಂಚು ಅಂತರದಲ್ಲಿ ಆರು ಎಸಳು ಊರಿ. ಮೂರನೇ ವಾರದಿಂದ ಕಡಲೆಕಾಯಿ ಹಿಂಡಿಯ ನೀರು ಕೊಡಿ: 100 ಗ್ರಾಂ ಹಿಂಡಿಯನ್ನು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ (ವಾಸನೆಗೆ ಪಕ್ಕದ ಮನೆಯವರು ಗೊಣಗಬಹುದು), ಸೋಸಿ, ಹತ್ತು ಪಟ್ಟು ನೀರು ಬೆರೆಸಿ, ಕುಂಡಕ್ಕೆ ಒಂದು ಲೋಟದಂತೆ ಎರಡು ವಾರಕ್ಕೊಮ್ಮೆ. ಇದನ್ನೂ ಎರಡು ತಿಂಗಳಿಗೆ ನಿಲ್ಲಿಸಿ.

ಪ್ರಶ್ನೆ: ಎಲೆ ಹಳದಿಯಾದರೆ ಗೊಬ್ಬರ ಸಾಲದೆಂದೇ? (ಹಾವೇರಿ)

ಉತ್ತರ: ಯಾವ ಎಲೆ ಎಂದು ನೋಡಿ. ಬೆಳೆಯುವ ಹಂತದಲ್ಲಿ ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕ ಸಾಲದು, ಎಳೆಯ ಎಲೆ ಬಿಳಿಚಿಕೊಂಡರೆ ಗಂಧಕ. ಬೆಳ್ಳಿಯಂಥ ಗೀರುಗಳಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ; ಗೊಬ್ಬರದಿಂದ ಅದು ಹೋಗದು. ನೀರು ನಿಂತು ಬೇರು ಕೊಳೆತರೂ ಹಳದಿಯೇ, ಒಂದು ಗಿಡ ಕಿತ್ತು ನೋಡಿ. ನಾಲ್ಕನೇ ತಿಂಗಳಲ್ಲಿ ತುದಿ ಒಣಗುವುದು ಮಾಗುವ ಗುರುತು. ಆಗ ನೀರು ನಿಲ್ಲಿಸಿ, ಹತ್ತು ಹದಿನೈದು ದಿನ ಬಿಟ್ಟು ಕೀಳಿ.