ಹೆಸರಿನ ಕಾಲೇಜೋ, ಕೈಹಿಡಿದು ಕಲಿಸುವ ಕಾಲೇಜೋ?

ಈ ಬಾರಿ ಬಂದ ಪತ್ರಗಳಲ್ಲಿ ಒಂದನ್ನು ಓದಿ ಮುಗಿಸಿದ ಮೇಲೆ ಉಳಿದವನ್ನು ತೆರೆಯಲು ಮನಸ್ಸಾಗಲಿಲ್ಲ. ಬರೆದವರು ವೈದ್ಯಕೀಯ ಓದಲು ಹೊರಟಿರುವ ಯುವತಿ. ಎರಡು ಕಾಲೇಜುಗಳಲ್ಲಿ ಏಕಕಾಲಕ್ಕೆ ಸೀಟು ಸಿಕ್ಕಿದೆ, ಯಾವುದನ್ನು ಒಪ್ಪಿಕೊಳ್ಳಬೇಕೆಂದು ತಿಳಿಯದೆ ನಿದ್ದೆಗೆಟ್ಟಿದ್ದಾರೆ. ಮೊದಲನೆಯದು ದೊಡ್ಡ ಹೆಸರಿನ ಕಾಲೇಜು. ರ‍್ಯಾಂಕಿಂಗ್ ಪಟ್ಟಿಗಳಲ್ಲಿ ಮೇಲಿನ ಸಾಲಿನಲ್ಲಿರುತ್ತದೆ, ಶುಲ್ಕವೂ ಅದಕ್ಕೆ ತಕ್ಕಂತೆಯೇ ಇದೆ, ಸೇರಬೇಕಾದರೆ ತಂದೆ ಭಾರೀ ಸಾಲಕ್ಕೆ ಜಾಮೀನು ನಿಲ್ಲಬೇಕು. ಎರಡನೆಯದರ ಹೆಸರನ್ನು ಹೆಚ್ಚು ಮಂದಿ ಕೇಳಿಲ್ಲ. ಅದು ವಿದ್ಯಾರ್ಥಿವೇತನ ಕೊಡುತ್ತದೆ, ಸಾಲದ ಅಗತ್ಯ ಬಹುತೇಕ ಬೀಳುವುದಿಲ್ಲ. ಎರಡಕ್ಕೂ ಮಾನ್ಯತೆ ಇದೆಯೆಂದು ಅವರೇ ವಿಚಾರಿಸಿ ಖಚಿತಪಡಿಸಿಕೊಂಡಿದ್ದಾರೆ. ಸ್ವತಃ ವೈದ್ಯರೂ ಮೊದಲ ಕಾಲೇಜಿನ ಹಳೆಯ ವಿದ್ಯಾರ್ಥಿಯೂ ಆದ ಚಿಕ್ಕಪ್ಪ, “ಹೆಸರಿಲ್ಲದ ಕಡೆ ಓದಿದರೆ ಜೀವನವಿಡೀ ಹಿಂದೆಯೇ ಉಳಿಯುತ್ತೀಯ” ಎಂದು ಹೇಳಿ, ಆಕೆ ಅಲ್ಲಿಗೇ ಸೇರುವಳೆಂಬ ಸುದ್ದಿಯನ್ನು ನೆಂಟರಿಷ್ಟರಿಗೆಲ್ಲ ಮುಟ್ಟಿಸಿಯೂ ಆಗಿದೆ. ತಂದೆ ಮಾತಿಲ್ಲದೆ ಸಾಲದ ಕಾಗದಪತ್ರಗಳನ್ನು ಜೋಡಿಸುತ್ತಿದ್ದಾರೆ. ತಾಯಿ ಮಾತ್ರ “ಎರಡೂ ಕಡೆ ನೀನೇ ಹೋಗಿ ನೋಡಿ ಬಾ” ಎಂದಿದ್ದಾರೆ. ಪತ್ರದ ಕೊನೆಯಲ್ಲಿರುವ ಪ್ರಶ್ನೆ ಇದು: “ಹೆಸರನ್ನು ಆರಿಸಿಕೊಳ್ಳಲೋ, ಹಣ ಉಳಿಸಲೋ?”

ತಂಗಿ, ನಿಮ್ಮ ಪತ್ರದಲ್ಲಿ ನಾಲ್ಕು ಪುಟಗಳಿವೆ. ಮೂರು ಪುಟಗಳ ತುಂಬ ರ‍್ಯಾಂಕು, ಕಟ್ಟಡ, ಶುಲ್ಕ ಮತ್ತು ಚಿಕ್ಕಪ್ಪನವರ ಮಾತುಗಳೇ ತುಂಬಿವೆ. ನಾಲ್ಕನೆಯ ಪುಟದಲ್ಲಿ, ಬರೆದು ಮುಗಿಸುವ ಆತುರದಲ್ಲಿ, ನೀವು ಹೀಗೆ ಬರೆದಿದ್ದೀರಿ: “ಎರಡನೇ ಕಾಲೇಜಿಗೆ ಹೋದಾಗ ಮಕ್ಕಳ ವಾರ್ಡಿನೊಳಗೆ ಬಿಟ್ಟರು. ಅಲ್ಲಿ ಒಬ್ಬ ವಿದ್ಯಾರ್ಥಿನಿ ಮಗುವಿನ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ಪ್ರೊಫೆಸರ್ ಮೇಡಂ ಅವಳ ಕೈ ಹಿಡಿದು ಕೆಳಗೆ ಬೇರೆ ಜಾಗದಲ್ಲಿಟ್ಟು, ಇಲ್ಲಿಂದ ಶುರುಮಾಡು ಎಂದರು. ಮೊದಲ ಕಾಲೇಜಿನಲ್ಲಿ ವಾರ್ಡು ತೋರಿಸಲಿಲ್ಲ, ಸಮಯವಿಲ್ಲ ಎಂದರು. ಇವೆಲ್ಲ ಸಣ್ಣ ವಿಷಯ ಬಿಡಿ.”

ಇದು ಸಣ್ಣ ವಿಷಯವಲ್ಲ. ನಿಮ್ಮ ಇಡೀ ಪತ್ರದಲ್ಲಿ ವೈದ್ಯಕೀಯ ಶಿಕ್ಷಣದ ಬಗ್ಗೆ ಇರುವುದು ಈ ನಾಲ್ಕು ಸಾಲು ಮಾತ್ರ. ನೀವು ಏನನ್ನು ಕಂಡಿರೆಂದು ನಿಮಗೆ ಇನ್ನೂ ಗೊತ್ತಿಲ್ಲ. ಗೊತ್ತಿರಬೇಕಾದ ಕಾಲವೂ ಇದಲ್ಲ. ಆದ್ದರಿಂದ, ಹಲವು ವರ್ಷ ವಾರ್ಡುಗಳಲ್ಲಿ ಪಾಠ ಮಾಡಿದವಳಾಗಿ ನಾನು ವಿವರಿಸುತ್ತೇನೆ.

ಆ ಪ್ರೊಫೆಸರ್ ಕಲಿಸುತ್ತಿದ್ದದ್ದು ಬಹುಶಃ ಗುಲ್ಮವನ್ನು, ಅಂದರೆ ಸ್ಪ್ಲೀನ್ ಎಂಬ ಅಂಗವನ್ನು, ಪತ್ತೆಹಚ್ಚುವ ವಿಧಾನವನ್ನು. ಗುಲ್ಮ ಇರುವುದು ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬುಗಳ ಅಡಿಯಲ್ಲಿ. ಸಾಮಾನ್ಯವಾಗಿ ಅದು ಕೈಗೆ ಸಿಗುವುದಿಲ್ಲ. ದೀರ್ಘಕಾಲದ ಮಲೇರಿಯಾ, ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ, ಕೆಲವು ಬಗೆಯ ರಕ್ತದ ಕ್ಯಾನ್ಸರು ಮುಂತಾದವುಗಳಲ್ಲಿ ಊದಿಕೊಂಡಾಗ ಅದು ಓರೆಯಾಗಿ ಕೆಳಕ್ಕಿಳಿದು ಹೊಟ್ಟೆಯ ಬಲ ಕೆಳಮೂಲೆಯ ಕಡೆಗೆ ಬೆಳೆಯುತ್ತದೆ. ಹೊಸ ವಿದ್ಯಾರ್ಥಿಗಳು ಗುಲ್ಮವಿರುವ ಜಾಗ ನೆನಪಿದೆಯೆಂದು ನೇರವಾಗಿ ಎಡಪಕ್ಕೆಯ ಕೆಳಗೇ ಕೈಯಿಡುತ್ತಾರೆ. ಅಂಗ ತುಂಬಾ ದೊಡ್ಡದಾಗಿದ್ದರೆ ಅವರ ಬೆರಳು ಆಗಲೇ ಅದರ ಮೇಲೆಯೇ ಕೂತಿರುತ್ತದೆ, ಅಂಚು ಸಿಗುವುದಿಲ್ಲ, ಏನೂ ಇಲ್ಲವೆಂದು ಬರೆದುಬಿಡುತ್ತಾರೆ. ಬಲಗಡೆಯ ಕೆಳಭಾಗದಿಂದ ಆರಂಭಿಸಿ, ಮಗು ಉಸಿರೆಳೆದುಕೊಂಡಂತೆಲ್ಲ ಬೆರಳನ್ನು ಸ್ವಲ್ಪಸ್ವಲ್ಪವೇ ಎಡಪಕ್ಕೆಯತ್ತ ಸರಿಸುತ್ತ ಹೋದವರಿಗೆ ಮಾತ್ರ ಆ ಅಂಚು ಬಂದು ತಾಗುತ್ತದೆ. ಇಷ್ಟೂ ಪುಸ್ತಕದಲ್ಲಿದೆ. ಆದರೆ ಕೈಯನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳುವುದು, ಎಷ್ಟು ಒತ್ತಬೇಕೆಂಬ ಅಂದಾಜು, ಒತ್ತುವಾಗ ಹೊಟ್ಟೆಯನ್ನು ನೋಡದೆ ಮಗುವಿನ ಮುಖವನ್ನೇ ನೋಡುತ್ತಿರುವುದು, ಅಳುತ್ತಿರುವ ಮಗು ಉಸಿರೆಳೆದುಕೊಳ್ಳುವ ಆ ಒಂದು ಕ್ಷಣಕ್ಕೆ ಕಾಯುವುದು, ಇವೆಲ್ಲ ಕೈಯಿಂದ ಕೈಗೆ ಬರಬೇಕಾದ ವಿದ್ಯೆ. ತಪ್ಪು ಜಾಗದಲ್ಲಿಟ್ಟ ಕೈಯನ್ನು ಯಾರಾದರೂ ನೋಡುತ್ತಿರಬೇಕು, ಹಿಡಿದು ಸರಿಸಬೇಕು, ಮತ್ತೆ ಮಾಡೆಂದು ಹೇಳುವಷ್ಟು ವ್ಯವಧಾನ ಅವರಿಗಿರಬೇಕು. ನೀವು ನೋಡಿದ್ದು ಅದನ್ನು.

ಇನ್ನು ಮೊದಲನೆಯ ಕಾಲೇಜು ನಿಮಗೆ ತೋರಿಸಿದ್ದೇನು? ಗ್ರಂಥಾಲಯ, ಸಭಾಂಗಣ, ಮಾತನಾಡುವ ಕೃತಕ ರೋಗಿಗಳಿರುವ ಸಿಮ್ಯುಲೇಷನ್ ಕೇಂದ್ರ. ಆ ಬೊಂಬೆಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಿಂತ ಹೃದಯಕ್ಕೆ ಎದೆಯೊತ್ತುವುದನ್ನೂ ಶ್ವಾಸನಾಳಕ್ಕೆ ಕೊಳವೆ ಹಾಕುವುದನ್ನೂ ಮೊದಲ ಬಾರಿಗೆ ಜೀವಂತ ಮನುಷ್ಯರ ಮೇಲೆ ಕಲಿಯುವುದಕ್ಕಿಂತ ಬೊಂಬೆಯ ಮೇಲೆ ಕಲಿಯುವುದೇ ಸರಿ. ಆದರೆ ಇಡೀ ಮಧ್ಯಾಹ್ನ ನಿಮ್ಮನ್ನು ಸುತ್ತಾಡಿಸಿದವರಿಗೆ ವಾರ್ಡು ತೋರಿಸಲು ಮಾತ್ರ ಸಮಯ ಸಿಗಲಿಲ್ಲ ಎಂದರೆ, ಅಲ್ಲಿ ತೋರಿಸುವಂಥದ್ದು ಇರಲಿಲ್ಲವೋ ಅಥವಾ ವಿದ್ಯಾರ್ಥಿಯಾಗಲಿರುವವಳು ನೋಡಬೇಕಾದ ಜಾಗ ಅದೆಂದು ಅವರಿಗೆ ಹೊಳೆಯಲೇ ಇಲ್ಲವೋ, ಎರಡೂ ನಿಮ್ಮ ಪಾಲಿಗೆ ಒಳ್ಳೆಯ ಲಕ್ಷಣವಲ್ಲ.

ಅಲ್ಲಿನ ಆಸ್ಪತ್ರೆಯಲ್ಲಿ ಹಾಸಿಗೆಗಳು ಹೆಚ್ಚೆಂದು ಚಿಕ್ಕಪ್ಪ ಹೇಳಿದ್ದಾರಂತೆ. ರೋಗಿಗಳೇ ಇಲ್ಲದ ಆಸ್ಪತ್ರೆಯಲ್ಲಿ ಯಾರೂ ಕಲಿಯಲಾರರು, ಅಷ್ಟು ನಿಜ. ಆದರೆ ಹದಿನೆಂಟನೇ ಶತಮಾನದಲ್ಲಿ ಯುರೋಪಿನ ವೈದ್ಯಕೀಯ ವಿದ್ಯಾರ್ಥಿಗಳನ್ನೆಲ್ಲ ತನ್ನತ್ತ ಸೆಳೆದದ್ದು ನೆದರ್ಲೆಂಡ್ಸ್‌ನ ಲೈಡನ್ ನಗರ. ಅಲ್ಲಿ ಹರ್ಮನ್ ಬೂರ್ಹಾವೆ 1714ರಿಂದ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಪಾಠ ಹೇಳುತ್ತಿದ್ದರು. ಅವರ ಬಳಿ ಪಾಠಕ್ಕೆಂದು ಇದ್ದದ್ದು ಗಂಡಸರಿಗೆ ಆರು, ಹೆಂಗಸರಿಗೆ ಆರು, ಒಟ್ಟು 12 ಹಾಸಿಗೆ. ಅಲ್ಲಿ ಕಲಿತ ಫಾನ್ ಸ್ವೀಟನ್ ಆ ಪದ್ಧತಿಯನ್ನು ವಿಯೆನ್ನಾಕ್ಕೆ ಕೊಂಡೊಯ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1893ರಲ್ಲಿ ವೈದ್ಯಕೀಯ ಶಾಲೆ ಆರಂಭವಾದಾಗ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಉಪನ್ಯಾಸದ ಬೆಂಚುಗಳಿಂದ ಎಬ್ಬಿಸಿ ವಾರ್ಡಿನ ಕೆಲಸಕ್ಕೇ ಹಚ್ಚಿದರು. ಅಷ್ಟೆಲ್ಲ ಬರೆದು, ಅಷ್ಟೆಲ್ಲ ಗೌರವ ಪಡೆದ ಆ ಮನುಷ್ಯ ತನ್ನ ಸಮಾಧಿಯ ಮೇಲೆ ಬೇರೇನೂ ಬೇಡ, ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ಕಲಿಸಿದವನೆಂದು ಬರೆದರೆ ಸಾಕೆಂದರು. ಹಾಸಿಗೆಗಳ ಸಂಖ್ಯೆಗಿಂತ ಒಂದು ಹಾಸಿಗೆಯ ಸುತ್ತ ಎಷ್ಟು ವಿದ್ಯಾರ್ಥಿಗಳು ನಿಲ್ಲುತ್ತಾರೆ, ಅವರಲ್ಲಿ ಎಷ್ಟು ಮಂದಿಯ ಕೈ ರೋಗಿಗೆ ತಾಗುತ್ತದೆ, ವಿದ್ಯಾರ್ಥಿ ಕೇಳಿ ಬರೆದ ರೋಗಚರಿತ್ರೆಯನ್ನು ಯಾರಾದರೂ ಓದಿ ತಿದ್ದುತ್ತಾರೆಯೇ ಎಂಬುದೇ ಮುಖ್ಯ.

ರ‍್ಯಾಂಕಿಂಗ್ ಪಟ್ಟಿ ಇದನ್ನು ಅಳೆಯುವುದಿಲ್ಲ. ಅಮೆರಿಕದ ಯು.ಎಸ್. ನ್ಯೂಸ್ ಪತ್ರಿಕೆಯ ಹೆಸರಾಂತ ಪಟ್ಟಿಯನ್ನೇ ತೆಗೆದುಕೊಳ್ಳಿ. ಸಂಶೋಧನೆಗೆ ಬರುವ ಅನುದಾನ, ಇತರ ಕಾಲೇಜುಗಳ ಮುಖ್ಯಸ್ಥರ ಅಭಿಪ್ರಾಯ, ಸೇರುವವರ ಅಂಕಗಳು, ಇವೇ ವರ್ಷಗಟ್ಟಲೆ ಅದರ ಆಧಾರವಾಗಿದ್ದವು. ಪಟ್ಟಿಯ ತುದಿಯಲ್ಲೇ ಇರುತ್ತಿದ್ದ ಹಾರ್ವರ್ಡ್ ವೈದ್ಯಕೀಯ ಶಾಲೆ 2023ರ ಜನವರಿಯಲ್ಲಿ ತಾನು ಇನ್ನು ಮುಂದೆ ಆ ಪತ್ರಿಕೆಗೆ ಮಾಹಿತಿ ಕೊಡುವುದಿಲ್ಲವೆಂದಿತು. ಬೆನ್ನಿಗೇ ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳ ವೈದ್ಯಕೀಯ ಶಾಲೆಗಳೂ ಹಿಂದೆ ಸರಿದವು. ಒಂದನೇ ಸ್ಥಾನದಿಂದ ಲಾಭ ಪಡೆಯುತ್ತಿದ್ದವರೇ ಆ ಸಂಖ್ಯೆಯನ್ನು ಕೈಬಿಟ್ಟಿರುವಾಗ, ಇಂಥದ್ದೊಂದು ಸಂಖ್ಯೆಗಾಗಿ ನಿಮ್ಮ ತಂದೆ ಸಾಲಕ್ಕೆ ಸಹಿ ಹಾಕಬೇಕೆ?

ನಿಮ್ಮ ಚಿಕ್ಕಪ್ಪನವರ ಬಗ್ಗೆ ನನಗೆ ಸಿಟ್ಟಿದೆ, ಅದನ್ನು ಮರೆಮಾಚುವುದಿಲ್ಲ. ಅವರು ಓದಿ ಎಷ್ಟೋ ವರ್ಷಗಳಾಗಿವೆ. ಅವರಿಗೆ ಕಲಿಸಿದವರು ಯಾರೂ ಈಗ ಆ ಕಾಲೇಜಿನಲ್ಲಿ ಇರಲಾರರು. ಅವರು ನಿಮಗೆ ಶಿಫಾರಸು ಮಾಡುತ್ತಿರುವುದು ತಮ್ಮ ಯೌವನವನ್ನು. ಅದು ಅವರ ಹೆಮ್ಮೆಯ ವಿಷಯವೇ ಹೊರತು ನಿಮಗೆ ಬೇಕಾದ ಮಾಹಿತಿಯಲ್ಲ. ಅದಕ್ಕಿಂತ ದೊಡ್ಡ ತಪ್ಪು, ನೀವು ತೀರ್ಮಾನಿಸುವ ಮೊದಲೇ ಊರಿಗೆಲ್ಲ ಸಾರಿದ್ದು. ಇದರಿಂದ ನೀವು ಈಗ ಎರಡು ಕಾಲೇಜುಗಳ ನಡುವೆ ಆರಿಸುತ್ತಿಲ್ಲ, ಚಿಕ್ಕಪ್ಪನ ಮಾತು ಉಳಿಸುವುದೋ ಬೀಳಿಸುವುದೋ ಎಂಬ ಇಕ್ಕಟ್ಟಿನಲ್ಲಿದ್ದೀರಿ. ಈ ಅಂಕಣದಲ್ಲಿ ಮದುವೆಯ ವಿಷಯಕ್ಕೂ ಮನೆ ಕೊಳ್ಳುವ ವಿಷಯಕ್ಕೂ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ: ಸಾಲದ ಪತ್ರಕ್ಕೆ ಸಹಿ ಹಾಕದವರ ಸಲಹೆಯನ್ನು ಕೇಳಿಸಿಕೊಳ್ಳಬಹುದು, ಪಾಲಿಸಬೇಕಾಗಿಲ್ಲ.

ಸಹಿ ಹಾಕಲಿರುವ ತಂದೆಯ ಬಗ್ಗೆ ನೀವು ಬರೆದದ್ದು ತೀರಾ ಕಡಿಮೆ. “ಅಪ್ಪ ಏನೂ ಹೇಳುತ್ತಿಲ್ಲ” ಎಂದಿದ್ದೀರಿ. ಮಗಳ ದಾರಿಗೆ ಅಡ್ಡಬರಬಾರದೆಂದು ಬಾಯಿ ಮುಚ್ಚಿಕೊಂಡಿರುವ ಮನುಷ್ಯನ ಮೌನವನ್ನು ಒಪ್ಪಿಗೆಯೆಂದು ಎಣಿಸಬೇಡಿ. ವರ್ಷಕ್ಕೆ ಶೇ 8ರ ಚಕ್ರಬಡ್ಡಿಯಲ್ಲಿ ಅಸಲು ಒಂಬತ್ತು ವರ್ಷಕ್ಕೆ ದುಪ್ಪಟ್ಟಾಗುತ್ತದೆ. ವೈದ್ಯಕೀಯ ಪದವಿ, ಅದರ ಮೇಲೆ ಮಕ್ಕಳ ವೈದ್ಯಕೀಯದ ತರಬೇತಿ ಮುಗಿಸಿ ನೀವು ಸ್ವಂತ ಕಾಲ ಮೇಲೆ ನಿಲ್ಲುವ ಹೊತ್ತಿಗೆ ಹೆಚ್ಚುಕಡಿಮೆ ಅಷ್ಟು ವರ್ಷಗಳು ಕಳೆದಿರುತ್ತವೆ. ಆ ನಡುವೆ ಕಂತು ಕಟ್ಟುವವರಾರು? ಇನ್ನೊಂದು ಮಾತಿದೆ. ಮಕ್ಕಳ ವೈದ್ಯೆ ಆಗಬೇಕೆಂಬುದು ನಿಮ್ಮ ಬಹುಕಾಲದ ಆಸೆ. ಅಮೆರಿಕದಂಥ ದೇಶಗಳಲ್ಲಿ ಮಕ್ಕಳ ವೈದ್ಯರ ಗಳಿಕೆ ಇತರ ಅನೇಕ ತಜ್ಞರ ಗಳಿಕೆಗಿಂತ ಕಡಿಮೆ. ಸಾಲ ಹೊತ್ತವರು ವಿಭಾಗ ಆರಿಸುವಾಗ ತಮ್ಮ ಮನಸ್ಸನ್ನು ಕೇಳುವ ಮೊದಲು ಕಂತಿನ ಲೆಕ್ಕ ನೋಡಬೇಕಾಗುತ್ತದೆ. ಹಾಗೆ ಒಲ್ಲದ ವಿಭಾಗಕ್ಕೆ ಸರಿದುಹೋದ ಚೂಟಿ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ಅವರನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಹೆಸರಿನಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನೀವು ಸಂಶೋಧಕಿಯಾಗಬೇಕೆಂದಿದ್ದರೆ, ಪ್ರಯೋಗಾಲಯವೇ ನಿಮ್ಮ ಕನಸಾಗಿದ್ದರೆ, ಅನುದಾನವೂ ಹಿರಿಯ ವಿಜ್ಞಾನಿಗಳ ಒಡನಾಟವೂ ಸಿಗುವ ಮೊದಲ ಕಾಲೇಜನ್ನೇ ಆರಿಸಿಕೊಳ್ಳಿ, ಸಾಲದ ಶರತ್ತುಗಳನ್ನು ಎರಡು ಸಲ ಓದಿ ಎನ್ನುತ್ತಿದ್ದೆ. ನಿಮ್ಮ ಪತ್ರದಲ್ಲಿ ಸಂಶೋಧನೆಯ ಸುಳಿವೇ ಇಲ್ಲ. ಮಕ್ಕಳ ಮಾತು ತುಂಬ ಇದೆ.

ನಿಮ್ಮ ತಾಯಿಯವರ ಮಾತಿಗೆ ಬರುತ್ತೇನೆ. ಇಡೀ ಮನೆಯಲ್ಲಿ ಸರಿಯಾದ ಸಲಹೆ ಕೊಟ್ಟವರು ಅವರೊಬ್ಬರೇ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಾಲಾ ಶಿಕ್ಷಕ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳ ವರದಿ ಬರೆದರು. ಅವರು ವೈದ್ಯರಾಗಿರಲಿಲ್ಲ. ಆದರೂ ಅಲ್ಲಿನ ವೈದ್ಯಕೀಯ ಶಿಕ್ಷಣದ ದಿಕ್ಕು ಬದಲಾಯಿಸುವಲ್ಲಿ ಆ ವರದಿಯ ಪಾತ್ರ ದೊಡ್ಡದು, ಏಕೆಂದರೆ ಅವರು ಕಾಲೇಜುಗಳ ಪರಿಚಯಪುಸ್ತಕವನ್ನು ನಂಬದೆ ಖುದ್ದಾಗಿ ಹೋಗಿ, ಬಾಗಿಲು ತೆಗೆಸಿ, ಒಳಗೇನಿದೆಯೆಂದು ನೋಡಿ ಬಂದಿದ್ದರು. ಇದೆಯೆಂದು ಅಚ್ಚಾಗಿದ್ದ ಪ್ರಯೋಗಾಲಯ ಎಷ್ಟೋ ಕಡೆ ಇರಲೇ ಇಲ್ಲ. ಬೋಧನಾ ಆಸ್ಪತ್ರೆಯೆಂದು ಹೆಸರಿಸಿದ್ದ ಕಡೆ ವಿದ್ಯಾರ್ಥಿಗಳಿಗೆ ಪ್ರವೇಶವೇ ಇರಲಿಲ್ಲ. ನಿಮ್ಮ ತಾಯಿ ನಿಮ್ಮನ್ನು ಅದೇ ಕೆಲಸಕ್ಕೆ ಕಳಿಸಿದರು, ನೀವು ಸರಿಯಾದುದನ್ನೇ ನೋಡಿ ಬಂದಿರಿ, ಮನೆಗೆ ಬಂದ ಮೇಲೆ ಚಿಕ್ಕಪ್ಪನ ಮಾತಿನ ಅಬ್ಬರದಲ್ಲಿ ನಿಮ್ಮ ಕಣ್ಣನ್ನೇ ನಂಬದಾದಿರಿ. ಪತ್ರದಲ್ಲಿ ನನಗೆ ಬೇಸರ ತರಿಸಿದ್ದು ಇದೊಂದೇ.

ಮತ್ತೊಮ್ಮೆ ಹೋಗಿ ನೋಡಲೇ ಎಂದು ಕೇಳಿದ್ದೀರಿ. ಬೇಡ. ಇನ್ನಷ್ಟು ಜನರ ಅಭಿಪ್ರಾಯ ಪಡೆಯುವುದೂ ಬೇಡ, ಎರಡು ಅಂಕಣ ಗೀಚಿಕೊಂಡು ಲಾಭನಷ್ಟ ತುಂಬಿಸುತ್ತ ಕೂರುವುದೂ ಬೇಡ. ಮಾಡಬೇಕಾದದ್ದು ಒಂದೇ ಕೆಲಸ. ಎರಡನೇ ಕಾಲೇಜಿನ ಒಪ್ಪಿಗೆಪತ್ರ ಮತ್ತು ವಿದ್ಯಾರ್ಥಿವೇತನದ ಶರತ್ತುಗಳು ಲಿಖಿತವಾಗಿ ಕೈಸೇರಿದ ದಿನವೇ, ಮೊದಲ ಕಾಲೇಜಿಗೆ ನಿಮ್ಮ ಹೆಸರಿನಲ್ಲಿ, ನೀವೇ ಕೂತು, ಸೀಟು ಬಿಟ್ಟುಕೊಡುತ್ತಿರುವುದಾಗಿ ಎರಡು ಸಾಲಿನ ಪತ್ರ ಬರೆದು ಕಳಿಸಿ. ಕಡೆಯ ದಿನಾಂಕದವರೆಗೆ ಎರಡೂ ಸೀಟನ್ನು ಹಿಡಿದಿಟ್ಟುಕೊಳ್ಳಬೇಡಿ. ಕಾಯುವ ಪಟ್ಟಿಯಲ್ಲಿರುವ ಯಾರಿಗೋ ಅದು ಏಕೈಕ ಸೀಟಾಗಿರಬಹುದು, ಅವರು ದಿನವೂ ಅದಕ್ಕಾಗಿ ಎದುರು ನೋಡುತ್ತಿರುತ್ತಾರೆ. ಆ ಪತ್ರವನ್ನು ಕಳಿಸಿದ ಮೇಲೆ ತಂದೆಯ ಬಳಿ ಹೋಗಿ ಸಾಲದ ಕಾಗದಗಳನ್ನು ಎತ್ತಿಡಲು ಹೇಳಿ. ಚಿಕ್ಕಪ್ಪನವರಿಗೆ ಆಮೇಲೆ, ನೀವೇ ತಿಳಿಸಿ. ಅಪ್ಪನಿಂದ ಹೇಳಿಸಬೇಡಿ.